ಮನೆ ಮಂಜೂರಾಯ್ತು, ಸೈಟು ಎಲ್ಲಿ? ಗೋಮಾಳಕ್ಕೆ ಕೈ ಹಾಕುವ ಮೊದಲು ಕೇಳಬೇಕಾದ ಲೆಕ್ಕ

ಗ್ರಾಮಸಭೆ ಅಂದ್ರೆ ಜನ ಮೊದಲು ಕೇಳೋದು ಒಂದೇ ಪ್ರಶ್ನೆ: 'ಮನೆ ಲಿಸ್ಟಲ್ಲಿ ನಮ್ಮ ಹೆಸರು ಇದೆಯಾ?' ಪಿಡಿಒ ಪಟ್ಟಿ ಓದ್ತಾರೆ, ಒಂದಷ್ಟು ಕೂಗಾಟ ಆಗುತ್ತೆ, ಸಭೆ ಮುಗಿಯುತ್ತೆ. ಆದರೆ ಪಟ್ಟಿಯಲ್ಲಿ ಹೆಸರು ಬಂದರೂ ಮನೆ ಕಟ್ಟಲಾಗದೆ ಕೂತವರು ಇದ್ದಾರೆ. ಕಾರಣ ದುಡ್ಡು ಮಾತ್ರ ಅಲ್ಲ. ಅವರಿಗೆ ಪಾಯ ತೆಗೆಯೋಕೆ ಜಾಗವೇ ಇಲ್ಲ.

ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಪಿಎಂ ಆವಾಸ್ ಗ್ರಾಮೀಣ ಯೋಜನೆಯನ್ನು 2028-29ರವರೆಗೆ ಮುಂದುವರಿಸಿ, ದೇಶದಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿದೆ. ಬಯಲು ಸೀಮೆಯಲ್ಲಿ ಒಂದು ಮನೆಗೆ ಸಿಗೋದು 1.20 ಲಕ್ಷ ರೂಪಾಯಿ. ಅದರಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ ಇರಬೇಕು. ರಾಜ್ಯ ಸೇರಿಸಿ ಕೊಡುವ ಹಣ ಇದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕಿದ್ರೆ, ಚದರಡಿಗೆ 450 ರೂಪಾಯಿಯೂ ಬೀಳಲ್ಲ. ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ದುಡ್ಡಲ್ಲಿ ಸೈಟು ಕೊಂಡು ಮನೆ ಕಟ್ಟೋ ಮಾತಂತೂ ದೂರ. ಜಾಗ ಇಲ್ಲದವರಿಗೆ ಜಾಗ ಒದಗಿಸುವ ಹೊಣೆ ರಾಜ್ಯದ್ದು. ಆ ಹೊಣೆ ಕೊನೆಗೆ ಬಂದು ನಿಲ್ಲೋದು ಪಂಚಾಯ್ತಿ ಮತ್ತು ತಹಶೀಲ್ದಾರ್ ಕಚೇರಿ ಬಾಗಿಲಲ್ಲಿ.

ಎಲ್ಲರ ಕಣ್ಣೂ ಗೋಮಾಳದ ಮೇಲೆ

ಸರ್ಕಾರಿ ಜಾಗ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಗೋಮಾಳ. ಆದರೆ ಪಂಚಾಯ್ತಿ ತಾನೇ ಅದನ್ನು ಅಳೆದು ಹಂಚೋ ಹಾಗಿಲ್ಲ. ಪ್ರಸ್ತಾವನೆ ಕಂದಾಯ ಇಲಾಖೆ ಮೂಲಕ ಜಿಲ್ಲಾಧಿಕಾರಿವರೆಗೆ ಹೋಗಬೇಕು. ಕರ್ನಾಟಕ ಭೂಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಇರಬೇಕು. ಪಹಣಿಯಲ್ಲಿ ಗೋಮಾಳ ಅಂತ ಇದ್ದರೂ ಸ್ಥಳಕ್ಕೆ ಹೋಗಿ ನೋಡಿದ್ರೆ ಕಥೆ ಬೇರೆ. ಒಂದು ಕಡೆ ಬಗರ್ ಹುಕುಂ ಸಾಗುವಳಿ, ಇನ್ನೊಂದು ಕಡೆ ಹಾಸ್ಟೆಲ್, ಮತ್ತೊಂದು ಮೂಲೆಯಲ್ಲಿ ಕಸದ ಘಟಕ.

'ಈಗ ಯಾರು ದನ ಮೇಯಿಸ್ತಾರೆ' ಅನ್ನೋರಿಗೆ ಒಂದು ಮಾತು. ಡೇರಿ ಬಟವಾಡೆ ಆದ ದಿನ ಅಂಗಡಿ ವ್ಯಾಪಾರ ಹೇಗಿರುತ್ತೆ ಅಂತ ವ್ಯಾಪಾರಸ್ಥರಿಗೆ ಗೊತ್ತು. ಮೇವು ಕೊಂಡು ಹಾಕಬೇಕಾದ್ರೆ ಹಾಲಿನ ದುಡ್ಡಲ್ಲಿ ಉಳಿಯೋದು ಕಡಿಮೆ, ಅಂಗಡಿಗೆ ಬರೋದೂ ಕಡಿಮೆ. ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿಸಿ ಅಂತ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಸರ್ಕಾರದ ಆದೇಶದಂತೆ ಭೂರಹಿತ ಕೂಲಿಕಾರರಿಗೆ, ಪರಿಶಿಷ್ಟರಿಗೆ ಕೊಟ್ಟ ಜಾಗ, ಶಾಲೆ, ಆಸ್ಪತ್ರೆ ಇರುವ ಜಾಗದಂಥ ಕಡೆ ಮಾತ್ರ ವಿನಾಯಿತಿ ಇರಬಹುದು ಅಂತಲೂ ಅದೇ ತೀರ್ಪಲ್ಲಿದೆ. ಅಂದರೆ ಬಡವರ ಸೈಟಿಗೆ ದಾರಿ ಮುಚ್ಚಿಲ್ಲ. ಬಲಾಢ್ಯರ ಒತ್ತುವರಿ ಬಿಟ್ಟು, ಉಳಿದ ಚೂರು ಗೋಮಾಳದಲ್ಲಿ ಮಾತ್ರ ಸೈಟು ಹುಡುಕೋದು ನ್ಯಾಯ ಅಲ್ಲ, ಅಷ್ಟೇ.

ದೂರದ ಸೈಟು, ಬೀಗ ಹಾಕಿದ ಮನೆ

ಇನ್ನೊಂದು ತೊಂದರೆ ದೂರದ್ದು. ಸುಲಭಕ್ಕೆ ಸಿಕ್ತು ಅಂತ ಊರಿಂದ ಮೂರ್ನಾಲ್ಕು ಕಿಲೋಮೀಟರ್ ಆಚೆ ಬಡಾವಣೆ ಮಾಡ್ತಾರೆ. ಕಲ್ಲು ನೆಡ್ತಾರೆ, ಹಕ್ಕುಪತ್ರ ಕೊಡ್ತಾರೆ, ಫೋಟೋ ಬರುತ್ತೆ. ನೀರಿನ ಪೈಪು, ಬೀದಿ ದೀಪ, ಚರಂಡಿ ಬರಲ್ಲ. ಹಮಾಲಿ ಮಾಡುವವರು, ಹೋಟೆಲಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಕ್ಕಳು ಬೆಳಗ್ಗೆ ಐದಕ್ಕೆ ಅಲ್ಲಿಂದ ಹೇಗೆ ಬರ್ತಾರೆ? ಬರಲ್ಲ. ಪೇಟೆಯಲ್ಲೇ ಬಾಡಿಗೆ ರೂಮಲ್ಲಿ ಇರ್ತಾರೆ. ಸೈಟಲ್ಲಿ ಜಾಲಿ ಬೆಳೆಯುತ್ತೆ.

ಹಾಗಾಗಿ ಹಳ್ಳಿಗೊಂದು ಲೆಕ್ಕ, ತಾಲೂಕು ಕೇಂದ್ರಕ್ಕೊಂದು ಲೆಕ್ಕ ಬೇಕು. ಒಂದು ಎಕರೆ ಅಂದರೆ 43,560 ಚದರಡಿ. ರಸ್ತೆ, ಚರಂಡಿ, ಪಾರ್ಕಿಗೆ ಬಿಟ್ಟು ಸುಮಾರು 24,000 ಚದರಡಿ ಉಳಿಯಿತು ಅಂದುಕೊಳ್ಳಿ. 30x40 ಅಳತೆಯಲ್ಲಿ 20 ಸೈಟು, 20x30 ಅಳತೆಯಲ್ಲಿ 40 ಸೈಟು. ಹಸು ಕಟ್ಟುವ, ಸೌದೆ ಒಟ್ಟುವ ಹಳ್ಳಿ ಕುಟುಂಬಕ್ಕೆ ದೊಡ್ಡ ಸೈಟೇ ಬೇಕು. ಪೇಟೆಯಲ್ಲಿ ದುಡಿಯುವವರಿಗೆ ಸೈಟಿನ ಅಳತೆಗಿಂತ ಜಾಗ ಹತ್ತಿರ ಇರೋದು ಮುಖ್ಯ.

ಒಂದೇ ಜಾಗ, ಎರಡು ಉಪಯೋಗ

ಪೇಟೆಯೊಳಗೆ ಸರ್ಕಾರಿ ಜಾಗ ಎಲ್ಲಿದೆ ಅಂತೀರಾ? ವಾರಕ್ಕೆ ಒಂದೇ ದಿನ ತುಂಬುವ ಸಂತೆ ಮೈದಾನ ಇದೆ. ಹಳೇ ಕ್ವಾರ್ಟರ್ಸ್ ಪಾಳು ಬಿದ್ದಿರುತ್ತವೆ. ಪಟ್ಟಣ ಪಂಚಾಯ್ತಿ ಮಳಿಗೆಗಳ ಮೇಲೆ ಖಾಲಿ ತಾರಸಿ ಇರುತ್ತೆ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ಆವಾಸ್ ನಗರ 2.0ರಲ್ಲಿ ಸ್ವಂತ ಮನೆಗೆ ನೆರವು ಕೊಡುವುದರ ಜೊತೆಗೆ, ಕೈಗೆಟಕುವ ಬಾಡಿಗೆ ಮನೆ ಕಟ್ಟೋದಕ್ಕೂ ಅವಕಾಶ ಇದೆ. ಕೆಳಗೆ ಮಳಿಗೆ, ಮೇಲೆ ಕಡಿಮೆ ಬಾಡಿಗೆಯ ಮನೆ ಅಂತ ಯೋಚಿಸಬಹುದು. ಮಳಿಗೆ ಬಾಡಿಗೆಯಿಂದ ಕಟ್ಟಡದ ರಿಪೇರಿ ಖರ್ಚು ಹುಟ್ಟುತ್ತೆ.

'ಸಂತೆ ಜಾಗ ಹೋದ್ರೆ ನಮ್ಮ ಗತಿ ಏನು' ಅನ್ನುವ ವ್ಯಾಪಾರಸ್ಥರ ಭಯ ಸುಳ್ಳಲ್ಲ. ಸಂತೆ ಎತ್ತಂಗಡಿ ಆದ್ರೆ ಸುತ್ತಲಿನ ಅಂಗಡಿಗೂ ಏಟು ಬೀಳುತ್ತೆ. ಆದ್ದರಿಂದ ಸಂತೆ ನಡೆಯುವ ಅಂಗಳ ಹಾಗೇ ಇರಲಿ, ಅಂಚಲ್ಲಿ ಮಾತ್ರ ಕಟ್ಟಲಿ, ಉಳಿದ ಆರು ದಿನ ಅಂಗಳ ಪಾರ್ಕಿಂಗಿಗೆ ಬರಲಿ. ಇದನ್ನು ನಕ್ಷೆಯಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತಿನ ಭರವಸೆ ಕಟ್ಟಡ ಎದ್ದ ಮೇಲೆ ಮರೆತು ಹೋಗುತ್ತೆ.

ಕಾಗದದ ಬೆಲೆಯನ್ನೂ ಮರೆಯಬಾರದು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ತಾಂಡಾ ನಿವಾಸಿಗಳಾದ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ರು. ಅವರಲ್ಲಿ ಎಷ್ಟೋ ಜನ ತಲೆಮಾರುಗಳಿಂದ ಅಲ್ಲೇ ಇದ್ದವರು. ಹಕ್ಕುಪತ್ರ ಇಲ್ಲದಿದ್ರೆ ಇ-ಸ್ವತ್ತು ಇಲ್ಲ, ಇ-ಸ್ವತ್ತು ಇಲ್ಲದಿದ್ರೆ ಬ್ಯಾಂಕ್ ಸಾಲ ಕಷ್ಟ.

ಗ್ರಾಮಸಭೆಯಲ್ಲಿ ಇಷ್ಟು ಕೇಳಿ

ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಮುಂದಿನ ಸಭೆಯಲ್ಲಿ 'ನಮ್ಮ ಹೆಸರು ಇದೆಯಾ' ಅನ್ನೋದರ ಜೊತೆ ಈ ಮೂರು ಪ್ರಶ್ನೆ ಕೇಳಿ:

1. ಪಂಚಾಯ್ತಿ ವ್ಯಾಪ್ತಿಯ ಸರ್ಕಾರಿ ಜಾಗದ ಪಟ್ಟಿ ಸರ್ವೆ ನಂಬರ್ ಸಮೇತ ಎಲ್ಲಿದೆ? ಎಷ್ಟು ಒತ್ತುವರಿ ಆಗಿದೆ?
2. ಮನೆ ಪಟ್ಟಿಯಲ್ಲಿ ಸೈಟೇ ಇಲ್ಲದವರು ಎಷ್ಟು ಜನ?
3. ಸೈಟಿಗೆ ಗುರುತಿಸಿದ ಜಾಗಕ್ಕೆ ನೀರು, ರಸ್ತೆ ಯಾವಾಗ ಬರುತ್ತೆ? ಅದನ್ನು ಕೊಟ್ಟ ಮೇಲೆ ದನಕ್ಕೆ ಎಷ್ಟು ಉಳಿಯುತ್ತೆ?

ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಪಹಣಿಯನ್ನು ಭೂಮಿ ವೆಬ್‌ಸೈಟಲ್ಲಿ ನೀವೇ ತೆಗೆದು ತಾಳೆ ನೋಡಿ. ಜಾಗದ ಪಟ್ಟಿ ಊರ ಮುಂದೆ ಬಂದ್ರೆ ಮನೆ ಪಟ್ಟಿಯ ಜಗಳ ಅರ್ಧ ಕಡಿಮೆ ಆಗುತ್ತೆ.