ಮುದ್ರೆ ಬೀಳದ ತಕ್ಕಡಿ

ಬಾದಾಮಿ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಪೆಟ್ರೋಲ್ ಬಂಕಿನ ಪಂಪಿಗೆ ತೂಕ-ಅಳತೆ ಇಲಾಖೆಯವರು ಬಂದು ಸೀಲ್ ಹಾಕಬೇಕು. ನಿಮಗೆ ಅನುಮಾನ ಬಂದರೆ ಬಂಕಿನವರು 5 ಲೀಟರಿನ ಕ್ಯಾನ್ ತಂದು ನಿಮ್ಮ ಕಣ್ಣೆದುರೇ ಅಳೆದು ತೋರಿಸಬೇಕು. ಇದೆಲ್ಲಾ ಸರಿ. ಆದರೆ ಹತ್ತು ಲಕ್ಷ ಸುರಿದು ತಂದ ಕಾರಿನಲ್ಲಿ, ಸ್ಟೇರಿಂಗ್ ಹಿಂದಿನ ಪರದೆಯ ಮೇಲೆ "ಲೀಟರಿಗೆ 18.4 ಕಿ.ಮೀ." ಅಂತ ಹೊಳೀತಿರುತ್ತದಲ್ಲ, ಆ ಅಂಕಿಗೆ ಮುದ್ರೆ ಹಾಕಿದವರು ಯಾರು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಕುತೂಹಲದಿಂದಲ್ಲ. ನಮ್ಮ ಕಾಕಾನ ಮಗನ ಪಗಾರದಲ್ಲಿ 1,648 ರೂಪಾಯಿ ಮುರಿದುಕೊಂಡಾಗ.

ನಮ್ಮೂರು ಬನಶಂಕರಿ ಗುಡಿಗೆ ಕೂಗಳತೆ ದೂರ. ಕಾಕಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಮಾರುತ್ತಾಳೆ. ಮಗ ಬಾಡಿಗೆ ಕಾರಿನ ಡ್ರೈವರ್. ಕಾರು ಅವನದಲ್ಲ, ಬಾದಾಮಿಯ ಒಬ್ಬ ಮಾಲಕರದ್ದು. ಸ್ಟೇಷನ್ನಿನಿಂದ ಪ್ರವಾಸಿಗಳನ್ನು ಹತ್ತಿಸಿಕೊಂಡು ಮಹಾಕೂಟ, ಪಟ್ಟದಕಲ್ಲು, ಐಹೊಳೆ ತೋರಿಸಿ, ಸೀರೆ ಬೇಕು ಅಂದವರನ್ನು ಇಲಕಲ್ಲಿಗೆ ಮುಟ್ಟಿಸಿ ಬರುವುದು ಅವನ ಕೆಲಸ. ಮಾಲಕರು ಹೊಸ ಪೆಟ್ರೋಲ್ ಕಾರು ತಂದ ಮೇಲೆ ಹೊಸ ಲೆಕ್ಕ ಶುರು ಮಾಡಿದರು. ತಿಂಗಳ ಕೊನೆಗೆ ಪರದೆಯ ಫೋಟೋ ತೆಗೆಯುವುದು, ಓಡಿದ ಕಿಲೋಮೀಟರನ್ನು ಅದು ತೋರಿಸುವ ಸರಾಸರಿಯಿಂದ ಭಾಗಿಸುವುದು. ಆ ತಿಂಗಳು 3,680 ಕಿ.ಮೀ., ಪರದೆಯಲ್ಲಿ 18.4. ಅಂದರೆ 200 ಲೀಟರ್. ಹುಡುಗನ ಬಿಲ್ಲುಗಳಲ್ಲಿ ಇದ್ದದ್ದು 216. ಹದಿನಾರು ಲೀಟರ್ ಎಲ್ಲಿ ಹೋಯಿತು? ಲೀಟರಿಗೆ 103ರಂತೆ ಪಗಾರದಲ್ಲಿ ಮುರಿ.

ರಾತ್ರಿ ಹತ್ತಕ್ಕೆ ಫೋನ್ ಬಂತು. "ಯಣ್ಣಾ, ನಾ ಪೆಟ್ರೋಲ್ ಕದ್ದೀನಿ ಅಂತಾರ. ನೀ ಕಂಪ್ಯೂಟರ್ ಓದಿದಾವ, ನೀನರ ಹೇಳು."

ನಾನು ಏನಂದೆ ಗೊತ್ತೇನ್ರಿ? "ಮಷಿನ್ ಯಾಕ ಸುಳ್ಳು ಹೇಳತೈತೋ ತಮ್ಮಾ?" ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಆತು ಬಿಡಣ್ಣಾ" ಅಂತ ಇಟ್ಟುಬಿಟ್ಟ. ಬಿಇ ಮಾಡಿ, ಹನ್ನೆರಡು ವರ್ಷ ಕೋಡ್ ಬರೆದು, ಮಷಿನ್ ಎಷ್ಟು ಸುಳ್ಳು ಹೇಳುತ್ತದೆ ಅಂತ ದಿನಾ ನೋಡುವವನು ನಾನು. ಆದರೂ ಮನೆಯ ಹುಡುಗನಿಗಿಂತ ಪರದೆಯನ್ನೇ ನಂಬಿದೆ. ದಶಮಾಂಶ ಚುಕ್ಕಿಗೆ ಅಂಥಾ ಗತ್ತು ಇದೆ. "ಹದಿನೆಂಟರ ಆಸುಪಾಸು" ಅಂದಿದ್ದರೆ ಮಾಲಕರೂ ಪಗಾರ ಮುರಿಯುತ್ತಿರಲಿಲ್ಲ. "18.4" ಅಂದಕೂಡಲೇ ಅದು ಸಾಕ್ಷಿ ಆಗಿಬಿಡುತ್ತದೆ.

ಹಾಗಾದರೆ ಆ ಅಂಕಿ ಬರುವುದು ಎಲ್ಲಿಂದ? ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನಲ್ಲಿ, ಮನೆಯ ನೀರಿನ ಮೀಟರಿನಂತೆ, ಒಂದು ಮೀಟರ್ ಕೂತಿದೆ ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮ ನಿಮ್ಮ ಕಾರಿನಲ್ಲಿ ಸಾಮಾನ್ಯವಾಗಿ ಅಂಥದ್ದೇನೂ ಇರುವುದಿಲ್ಲ. ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರಿಗೆ "ಇಷ್ಟು ಮಿಲಿಸೆಕೆಂಡ್ ಬಾಯಿ ತೆರಿ" ಅಂತ ಹೇಳುತ್ತದೆ. ಬಾಯಿ ತೆರೆದ ಹೊತ್ತನ್ನು, ಇಂಥಾ ಒತ್ತಡದಲ್ಲಿ ಇಷ್ಟು ಪೆಟ್ರೋಲ್ ಚಿಮ್ಮಬೇಕು ಅನ್ನುವ ಪೂರ್ವನಿರ್ಧಾರಿತ ಅಂಕಿಯಿಂದ ಗುಣಿಸಿ, ಕೂಡಿಸುತ್ತಾ ಹೋಗುತ್ತದೆ. ಅಂದರೆ ಕಂಪ್ಯೂಟರಿಗೆ ಗೊತ್ತಿರುವುದು ತಾನು ಕೊಟ್ಟ ಅಪ್ಪಣೆ ಮಾತ್ರ. ನಿಜವಾಗಿ ಎಷ್ಟು ಚಿಮ್ಮಿತು ಅಂತ ಅದು ಅಳೆದಿರುವುದಿಲ್ಲ. ಇಂಜೆಕ್ಟರ್ ತಯಾರಿಕೆಯಲ್ಲಿ ಒಂದರಿಂದ ಇನ್ನೊಂದಕ್ಕೆ ತುಸು ಫರಕು ಇದ್ದೇ ಇರುತ್ತದೆ. ಬಳಸುತ್ತಾ ಅದರ ತುದಿಗೆ ಮಸಿ ಕೂರುತ್ತದೆ, ಪಂಪಿನ ಒತ್ತಡವೂ ಬದಲಾಗುತ್ತದೆ.

ಇನ್ನು ದೂರದ ಲೆಕ್ಕ. ಅದು ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದರ ಮೇಲೆ. ಹೊಸ ಟೈರಿನ ಅಚ್ಚು 8 ಮಿ.ಮೀ. ಇದ್ದದ್ದು ಸವೆದು 2 ಮಿ.ಮೀ. ಆದರೆ ಚಕ್ರದ ಸುತ್ತಳತೆ ಹೆಚ್ಚುಕಡಿಮೆ ಶೇ. 2ರಷ್ಟು ಇಳಿಯುತ್ತದೆ. ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಬೀಳುತ್ತದೆ, ಓಡದ ಕಿಲೋಮೀಟರ್ ಕೂಡುತ್ತದೆ. (ಈ ತಪ್ಪು ಬಂಕಿನ ಬಿಲ್ಲಿನಿಂದ ಲೆಕ್ಕ ಹಾಕುವವರಿಗೂ ತಪ್ಪಿದ್ದಲ್ಲ, ಯಾಕಂದರೆ ಅವರೂ ಅದೇ ಕಿಲೋಮೀಟರನ್ನೇ ಬರೆದುಕೊಳ್ಳುವುದು.)

ಮರುವಾರ ಊರಿಗೆ ಹೊರಟಾಗ ನನ್ನ ಕಾರಿನಲ್ಲೇ ನೋಡೋಣ ಅಂತ ತುಮಕೂರು ದಾಟಿ ಪಂಪು ತಾನೇ ಕಟ್ ಆಗುವವರೆಗೆ ತುಂಬಿಸಿದೆ. ಹೊಸಪೇಟೆ, ಇಲಕಲ್, ಹುನಗುಂದ, ಅಮೀನಗಡದಲ್ಲಿ ಕರದಂಟಿಗೆ ಒಂದು ಸ್ಟಾಪು. ಬಾದಾಮಿ ಮುಟ್ಟಿ ಮತ್ತೆ ಕಟ್ ಆಗುವವರೆಗೆ ತುಂಬಿಸಿದರೆ 436 ಕಿ.ಮೀ.ಗೆ 24.5 ಲೀಟರ್. ಲೀಟರಿಗೆ 17.8. ಪರದೆ ಹೇಳುತ್ತಿದ್ದದ್ದು 19.2. ಆಮೇಲಿನ ಒಂಬತ್ತು ಸಲದ ಲೆಕ್ಕವೂ ಡೈರಿಯಲ್ಲಿದೆ. ವ್ಯತ್ಯಾಸ ಒಮ್ಮೆ ಶೇ. 4, ಒಮ್ಮೆ ಶೇ. 9. ಒಂದೇ ಒಂದು ಸಲವೂ ಪರದೆ ಕಡಿಮೆ ತೋರಿಸಲಿಲ್ಲ.

ಒಬಿಡಿ ಡಾಂಗಲ್ ಒಂದನ್ನೂ ಹಾಕಿ ನೋಡಿದ್ದೆ. ಅದು ಪರದೆಯ ಪರವೇ ಸಾಕ್ಷಿ ಹೇಳಿತು. ಆಮೇಲೆ ಗೊತ್ತಾಯಿತು, ಇಂಥಾ ಆ್ಯಪುಗಳು ಎಂಜಿನ್ ಎಳೆದ ಗಾಳಿಯ ತೂಕವನ್ನು 14.7ರಿಂದ ಭಾಗಿಸಿ ಪೆಟ್ರೋಲ್ ಎಷ್ಟು ಅಂತ ಊಹಿಸುತ್ತವೆ. 14.7 ಅನ್ನುವುದು ಶುದ್ಧ ಪೆಟ್ರೋಲಿನ ಲೆಕ್ಕ. ಎಥೆನಾಲಿಗೆ ಅದು 9. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು. ಹಳೇ ಭಾಜಕ ಹಿಡಿದು ಹೊರಟರೆ ಉರಿದ ಇಂಧನ ಕಡಿಮೆ ಕಾಣದೆ ಇನ್ನೇನಾದೀತು.

ಆದರೆ ಫುಲ್ ಟ್ಯಾಂಕ್ ಲೆಕ್ಕಕ್ಕೂ ತಕರಾರು ಇದೆ. ಮಾಲಕರೂ ಅದನ್ನೇ ಎತ್ತಿದರು: ಒಂದೊಂದು ಪಂಪು ಒಂದೊಂದು ಕಡೆ ಕಟ್ ಆಗುತ್ತದೆ, ನೆಲ ಇಳಿಜಾರಿದ್ದರೆ ಅರ್ಧ ಲೀಟರ್ ಆಚೀಚೆ. ಒಪ್ಪಿದೆ. ಆದರೆ ಒಂದು ಸಲ ಅರ್ಧ ಲೀಟರ್ ಕಡಿಮೆ ತುಂಬಿದರೆ ಮುಂದಿನ ಸಲ ಆ ಅರ್ಧ ಲೀಟರ್ ಒಳಗೆ ಹೋಗಲೇಬೇಕು. ತಿಂಗಳಿಗೆ ಎಷ್ಟೇ ಸಲ ತುಂಬಿಸಿದರೂ ಉಳಿಯುವ ತಪ್ಪು ಮೊದಲನೆಯ ಮತ್ತು ಕೊನೆಯ ಸಲದ್ದು ಮಾತ್ರ. 216 ಲೀಟರಿನಲ್ಲಿ ಒಂದು ಲೀಟರ್ ಅನ್ನಿ. ಪರದೆಯ ತಪ್ಪು ಹಾಗಲ್ಲ, ಓಡಿದಷ್ಟೂ ಬೆಳೆಯುತ್ತದೆ. ಎಪಿಎಂಸಿಯಲ್ಲಿ ಚೀಲಕ್ಕೆ ಇಷ್ಟು ಅಂತ ಸೂಟು ಮುರೀತಾರಲ್ಲ, ಹಾಗೆ.

ಮಾಲಕರ ಇನ್ನೊಂದು ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. "ಇಂಜಿನಿಯರ್ ಸಾಹೇಬ್ರ, ಬಿಲ್ಲು ಹೇಳೋದು ತುಂಬಿಸಿದ್ದನ್ನ. ಉರಿದದ್ದನ್ನಲ್ಲ. ನಡುವ ಪೈಪ್ ಹಾಕಿ ತಗದಿದ್ರ?" ಮಾತು ಖರೇನೇ. ಹಾಗಾದರೆ ನೀವೇ ಕೂಡ್ರಿ ಅಂದೆ. ಕೂತರು. ಅದೇ ಬಂಕು, ಅದೇ ಪಂಪು. ಮೊದಲು 5 ಲೀಟರಿನ ಕ್ಯಾನ್ ತರಿಸಿ ಅಳೆಸಿದೆವು, ಗೆರೆಗೆ ಸರಿಯಾಗಿ ನಿಂತಿತು. ಕಾನೂನು ಅಲ್ಲಿ ಕ್ಷಮಿಸುವುದು 25 ಮಿ.ಲೀ., ಅಂದರೆ ಶೇ. ಅರ್ಧ. ಎರಡು ದಿನ ಮಾಲಕರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹುಡುಗ ಓಡಿಸಿದ. ಒಂದು ದಿನ ಐಹೊಳೆ ಮೇಲೆ ಹಾದು ಇಲಕಲ್, ಇನ್ನೊಂದು ದಿನ ಬಾಗಲಕೋಟೆ ಕಡೆ. ರಾತ್ರಿ ಕಾರು ಮಾಲಕರ ಮನೆಯಲ್ಲೇ, ಬೀಗ ಅವರದೇ. ಒಟ್ಟು 356 ಕಿ.ಮೀ., 20.8 ಲೀಟರ್. ಲೀಟರಿಗೆ 17.1. ಪರದೆಯಲ್ಲಿ 18.5. ಆ ಎರಡು ದಿನದಲ್ಲಿ ಒಂದೂವರೆ ಲೀಟರ್ ಕದ್ದವರು ಯಾರು?

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತ ನನಗೆ ಹೇಳಬೇಡಿ. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಡಯಾಗ್ನಾಸ್ಟಿಕ್ ಸಾಫ್ಟ್‌ವೇರ್ ಸಿಕ್ಕಿಸಿದರೆ ಪರದೆಯ ಇಂಧನ ಲೆಕ್ಕವನ್ನು ಶೇಕಡಾವಾರು ತಿದ್ದುವ ಜಾಗವೇ ಇದೆ. ಅಳತೆ ಪಕ್ಕಾ ಇದ್ದರೆ ತಿದ್ದುವ ಜಾಗ ಯಾಕೆ ಇಡುತ್ತಿದ್ದರು? ಎಲ್ಲರೂ ಕೂತು ಸಂಚು ಮಾಡಿದ್ದಾರೆ ಅಂತ ನಾನು ಅನ್ನುವುದಿಲ್ಲ. ನಾನೂ ಹೊಟ್ಟೆಪಾಡಿಗೆ ಡ್ಯಾಶ್‌ಬೋರ್ಡ್ ಮಾಡುವವನೇ, ಕಾರಿನದಲ್ಲ, ಮಾರಾಟದ ಅಂಕಿ ತೋರಿಸುವಂಥದ್ದು. ನಮ್ಮಲ್ಲಿ ಅಂಕಿ ಕಡಿಮೆ ಕಂಡರೆ ಹತ್ತು ನಿಮಿಷದಲ್ಲಿ ಬಗ್ ಬೀಳುತ್ತದೆ. ಜಾಸ್ತಿ ಕಂಡರೆ ಎರಡು ವರ್ಷವಾದರೂ ಯಾರೂ ತಿರುಗಿ ನೋಡುವುದಿಲ್ಲ. ಮೈಲೇಜ್ ಜಾಸ್ತಿ ತೋರಿಸುತ್ತಿದೆ ಅಂತ ಸರ್ವಿಸ್ ಸೆಂಟರಿಗೆ ದೂರು ಕೊಟ್ಟವರನ್ನು ನೀವು ಕಂಡಿದ್ದೀರಾ? ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಂತೂ ಮಕ್ಕಳ ಮಾರ್ಕ್ಸ್ ಬಿಟ್ಟರೆ ಹೆಚ್ಚು ಕೇಳಿಬರುವ ಜಂಬ ಇದೇ.

ಯುರೋಪ್ ಒಕ್ಕೂಟದಲ್ಲಿ 2021ರಿಂದ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳು ಉರಿಸಿದ ಇಂಧನದ ಲೆಕ್ಕವನ್ನು ಒಳಗೇ ಬರೆದಿಡಬೇಕು, ಅದು ಶೇ. 5ಕ್ಕಿಂತ ಹೆಚ್ಚು ತಪ್ಪಬಾರದು. ಆ ಲೆಕ್ಕ ಕೂಡಿಸಿ 2024ರಲ್ಲಿ ನೋಡಿದಾಗ, ಕಾರುಗಳು ರಸ್ತೆಯಲ್ಲಿ ಕುಡಿಯುವುದು ಲ್ಯಾಬಿನ ಅಂಕಿಗಿಂತ ಸುಮಾರು ಶೇ. 20 ಹೆಚ್ಚು ಅಂತ ಬಯಲಾಯಿತು. ಅಂಥಾ ನಿಯಮ ನಮಗೂ ಬೇಕು. ಆದರೆ ಅದು ಬಂದರೂ ಸಾಲದು. 200 ಲೀಟರಿನಲ್ಲಿ ಶೇ. 5 ಅಂದರೆ 10 ಲೀಟರ್, 1,030 ರೂಪಾಯಿ. ಕಾನೂನು ಒಪ್ಪಿದ ತಪ್ಪಿನೊಳಗೇ ಒಬ್ಬ ಡ್ರೈವರ್ ಕಳ್ಳ ಆಗಬಹುದು. ಅದಕ್ಕೇ ನಾನು ಕೇಳುವುದು ಇಷ್ಟು: ಆ ಅಂಕಿಯ ಪಕ್ಕ "ಅಂದಾಜು" ಅಂತ ದೊಡ್ಡದಾಗಿ ಬರೆಯಿರಿ, ದಶಮಾಂಶ ಚುಕ್ಕಿ ತೆಗೆದುಹಾಕಿ. ಮೆತ್ತಗೆ ಓಡಿಸಿದರೆ ಏರುತ್ತದೆ, ಒದ್ದು ಓಡಿಸಿದರೆ ಇಳಿಯುತ್ತದೆ, ಕಾಲಿನ ಅಭ್ಯಾಸ ತಿದ್ದಿಕೊಳ್ಳಲು ಅಷ್ಟು ಸಾಕು. ಪಗಾರದ ಲೆಕ್ಕಕ್ಕೆ ಬಿಲ್ಲು, ಕಿಲೋಮೀಟರ್, ಒಂದು ನೋಟ್‌ಬುಕ್ ಇರಲಿ.

ಬಾದಾಮಿಯ ಮಾಲಕರು ಈಗ ನೋಟ್‌ಬುಕ್ ಇಟ್ಟಿದ್ದಾರೆ. ಮುರಿದ 1,648 ರೂಪಾಯಿ ಇನ್ನೂ ಕೊಟ್ಟಿಲ್ಲ. ಬನದ ಹುಣ್ಣಿವಿ ಜಾತ್ರಿಗೆ ಕೊಡ್ತೀನಿ ಅಂದಾರಂತ. ಹೋದ ಸಲ ಊರಿಗೆ ಹೋದಾಗ ಕಾಕಿ ನನ್ನ ತಾಟಿಗೆ ಎರಡನೇ ರೊಟ್ಟಿ ಹಾಕುತ್ತಾ ಕೇಳಿದಳು: "ಅವತ್ತ ಫೋನ್‌ನ್ಯಾಗ ಏನೋ ಅಂದಿದ್ದೆಂತಲ್ಲೋ, ಮಷಿನ್ ಸುಳ್ಳು ಹೇಳೂದಿಲ್ಲಂತ?" ನಾನು ತಲೆ ಬಗ್ಗಿಸಿ ಚಟ್ನಿ ಕಲಸಿದೆ.