ಯಾರು ಮಾಡಿದ್ದು?

ರಾತ್ರಿ ಎರಡೂವರೆಗೆ ಫೋನ್ ಕಿರುಚಿದರೆ ನಮ್ಮ ಮನೆಯಲ್ಲಿ ಈಗ ಯಾರಿಗೂ ಗಾಬರಿಯಿಲ್ಲ. ‘ಸರ್ವರ್ ಬಿತ್ತೇನೋ’ ಎಂದು ಅಮ್ಮ ಮಗ್ಗುಲು ಬದಲಿಸುತ್ತಾಳೆ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಇದೇ ನನ್ನ ಕೆಲಸ, ಯಾರದೋ ಆಪ್ ನಿಂತರೆ ಎದ್ದು ಕೂತು ಲಾಗ್‌ಗಳನ್ನು ಕೆದಕುವುದು. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಬೆಳಿಗ್ಗೆ ಹತ್ತರ ಮೀಟಿಂಗಿನ ಬಗ್ಗೆ. ಅಲ್ಲಿ ಏಳುವ ಮೊದಲ ಪ್ರಶ್ನೆಯೇ ‘ಯಾರು ಮಾಡಿದ್ದು?’

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಸೇರಿ ಐದು ತಿಂಗಳಾಗಿದ್ದ ಹುಡುಗಿಯೊಬ್ಬಳು ಟೆಸ್ಟ್ ಡೇಟಾಬೇಸ್ ಎಂದುಕೊಂಡು ಗ್ರಾಹಕರ ಅಸಲಿ ಡೇಟಾಬೇಸಿನ ಒಂದು ಟೇಬಲ್ ಅಳಿಸಿಬಿಟ್ಟಳು. ಪರದೆಯ ಮೇಲೆ ಎರಡೂ ಒಂದೇ ಥರ, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ. ಹೊಸಬಳಿಗೆ ಅಳಿಸುವ ಅಧಿಕಾರ ಕೊಟ್ಟವರು ಯಾರು, ಬ್ಯಾಕಪ್ ಯಾಕೆ ಹಿಂದಿನ ವಾರದ್ದು ಎಂದು ಯಾರೂ ಕೇಳಲಿಲ್ಲ. ವರದಿಯಲ್ಲಿ ಕಾರಣದ ಜಾಗದಲ್ಲಿ ಎರಡೇ ಪದ: ‘ಮಾನವ ದೋಷ’. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿದ ಹಾಗೆ. ಪ್ರೊಬೇಷನ್ ಮುಗಿಯುವ ಮೊದಲೇ ಅವಳನ್ನು ಕಳಿಸಿದರು. ಆ ಕೋಣೆಯಲ್ಲಿ ನಾನೂ ಇದ್ದೆ. ಬಾಯಿ ಬಿಡಲಿಲ್ಲ.

ಮೂರು ತಿಂಗಳ ನಂತರ ಅದೇ ತಪ್ಪನ್ನು ಹತ್ತು ವರ್ಷ ಅನುಭವವಿದ್ದವನೊಬ್ಬ ಮಾಡಿದ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ತಡರಾತ್ರಿ ಒಬ್ಬ ಎಂಜಿನಿಯರ್ ನಕಲು ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಅಳಿಸಿದ. ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ನಾಲ್ಕೂವರೆ ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಅದೂ ಇಲ್ಲ! ಬ್ಯಾಕಪ್ ವಿಫಲವಾಗುತ್ತಿದೆ ಎಂದು ಎಚ್ಚರಿಸಬೇಕಿದ್ದ ಇಮೇಲ್‌ಗಳು ತಿರಸ್ಕೃತವಾಗುತ್ತಿದ್ದವು, ಹಾಗಾಗಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯದಾದ ಒಂದು ಪ್ರತಿ ಕೈಹಿಡಿಯಿತು. ಆ ಕಂಪನಿ ಇದನ್ನೆಲ್ಲ ಜಗತ್ತಿನ ಮುಂದೆ ಬಿಚ್ಚಿಟ್ಟಿತು, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಅಂತಿಮ ವರದಿಯಲ್ಲಿ ಆ ಎಂಜಿನಿಯರ್‌ಗೆ ಹೆಸರಿಲ್ಲ.

ಮರುತಿಂಗಳೇ ಅಮೆಜಾನ್‌ನ ಎಸ್3 ಸೇವೆ ಕುಸಿಯಿತು, ಕಮಾಂಡೊಂದರಲ್ಲಿ ತಪ್ಪಾಗಿ ಟೈಪಿಸಿದ್ದರಿಂದ. ಸೇವೆಗಳ ಸ್ಥಿತಿ ತಿಳಿಸುವ ಅವರ ಡ್ಯಾಶ್‌ಬೋರ್ಡ್ ಕೂಡ ಎಸ್3 ಮೇಲೇ ನಿಂತಿದ್ದರಿಂದ ಸುಮಾರು ಎರಡು ಗಂಟೆ ಕಾಲ ಅದನ್ನು ಬದಲಿಸಲಾಗಲಿಲ್ಲ. (ಮನೆಗೆ ಬೆಂಕಿ ಬಿದ್ದಾಗ ಗಂಟೆ ಬಾರಿಸಬೇಕಾದವನು ಒಳಗೇ ಸಿಕ್ಕಿಕೊಂಡಂತೆ.) ಆಮೇಲೆ ಅವರು ತಿದ್ದಿದ್ದು ಉಪಕರಣವನ್ನು: ಒಮ್ಮೆಗೇ ಅಷ್ಟೊಂದು ಸರ್ವರ್ ತೆಗೆಯಲಾಗದಂತೆ ತಡೆ ಹಾಕಿದರು.

‘ಹಾಗಾದರೆ ಹೊಣೆಗಾರಿಕೆಯೇ ಬೇಡವೇನ್ರೀ?’ ಎನ್ನುತ್ತಾರೆ ಮ್ಯಾನೇಜರುಗಳು. ಬೇಕು ಸ್ವಾಮಿ. ನಡೆದದ್ದನ್ನು ನಡೆದ ಹಾಗೆ ಹೇಳುವುದೇ ಹೊಣೆ. ಕೆಲಸ ಹೋಗುವ ಭಯ ಇರುವಲ್ಲಿ ಅದನ್ನು ಯಾರು ಹೇಳುತ್ತಾರೆ? ಆ ಹುಡುಗಿ ತಾನೇ ಬಂದು, ನಡುಗುತ್ತ, ‘ಸರ್, ನಾನೇ ಅಳಿಸಿದೆ’ ಎಂದಿದ್ದಳು. ಅದರಿಂದ ನಮಗೆ ಗಂಟೆಗಟ್ಟಲೆ ಹುಡುಕಾಟ ಉಳಿಯಿತು. ಎರಡನೆಯವನು ಹೇಳಲಿಲ್ಲ. ಅವಳಿಗೇನಾಯಿತೆಂದು ನೋಡಿದ್ದನಲ್ಲ. ಗ್ರಾಫ್ ನೋಡುತ್ತ, ಲಾಗ್ ಸೋಸುತ್ತ ಇಡೀ ರಾತ್ರಿ ಕಳೆದೆವು. ಅವನು ನಮ್ಮ ಪಕ್ಕದಲ್ಲೇ ಕೂತು ಹುಡುಕುತ್ತಿದ್ದ.

ಈಗ ವರದಿಗಳಿಗೆ ಸಹಿ ಹಾಕುವುದು ನಾನು. ‘ಮಾನವ ದೋಷ’ ಎಂದು ಬರೆದು ತಂದರೆ ವಾಪಸ್ ಕಳಿಸುತ್ತೇನೆ. ಹೋದ ತಿಂಗಳು ಮೂರು ಸಲ ಕಳಿಸಿದ್ದೇನೆ, ಮೇಲಿನವರಿಗೆ ಹಿಡಿಸಿಲ್ಲ.