58ರ ತನಕ ಯಾರು ಕಾಯ್ತಾರೆ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪದ, ಸಿಟಿಸಿ. ಆರು ಲಕ್ಷವೋ ಏಳು ಲಕ್ಷವೋ ಅನ್ನೋ ಚರ್ಚೆ ರಾತ್ರಿ ಎರಡರ ತನಕ ನಡೆಯುತ್ತೆ. ಆ ಏಳು ಲಕ್ಷದ ಒಳಗೇ ಕಂಪನಿ ಹಾಕೋ ಪಿಎಫ್ ಪಾಲು, ಎಷ್ಟೋ ಸಲ ಗ್ರಾಚ್ಯುಟಿ ಕೂಡ ಸೇರಿರತ್ತೆ ಅನ್ನೋದು ಹಲವರಿಗೆ ಗೊತ್ತಾಗೋದು ಮೊದಲ ಸಂಬಳ ಅಕೌಂಟ್‌ಗೆ ಬಿದ್ದ ಮೇಲೆ. ಆಮೇಲೆ ನಿವೃತ್ತಿ ಯೋಜನೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಸೂಟು ಹಾಕಿದವರೊಬ್ಬರು ಬಂದು 25ಕ್ಕೆ ಹೀಗೆ, 35ಕ್ಕೆ ಹಾಗೆ, 50ಕ್ಕೆ ಇನ್ನೊಂದು ಥರ ಅಂತ ಪಟ್ಟಿ ಒಪ್ಪಿಸ್ತಾರೆ. ಪಟ್ಟಿ ತಪ್ಪು ಅಂತಲ್ಲ. ಆದ್ರೆ ಅದನ್ನ ಹಿಡ್ಕೊಂಡು ನಾನಿರೋ ಲಗ್ಗೆರೆಯಲ್ಲಿ ಒಂದು ಬೀದಿ ಸುತ್ತಿ ಬಂದ್ರೆ, ಇದನ್ನ ಯಾರಿಗೋಸ್ಕರ ಬರೆದಿದ್ದು ಅನ್ಸತ್ತೆ.

ಲಗ್ಗೆರೆ ಅಂದ್ರೆ ಪೀಣ್ಯದ ಮಲಗೋ ಕೋಣೆ ಇದ್ದಂಗೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರು, ಸಿಎನ್‌ಸಿ ಆಪರೇಟರ್‌ಗಳು, ಪ್ಲೇಟಿಂಗ್ ಶಾಪಿನ ಹುಡುಗರು ಟಿಫನ್ ಡಬ್ಬಿ ಹಿಡಿದು ಹೊರಡ್ತಾರೆ. ಇಲ್ಲಿ ಉಳಿತಾಯ ಅಂದ್ರೆ ಚೀಟಿ, ಒಂದೆರಡು ಒಡವೆ, ಆಮೇಲೆ ಪಿಎಫ್. ಚೀಟಿ ಎತ್ತಿದ್ದಾಯ್ತು, ಒಡವೆ ಅಡ ಇಟ್ಟಿದ್ದಾಯ್ತು, ಇನ್ನೇನೂ ಉಳಿದಿಲ್ಲ ಅನ್ನೋವಾಗ ನೆನಪಾಗೋದು ಪಿಎಫ್. ಭೋಗ್ಯದ ಮನೆಗೆ ದುಡ್ಡು ಸಾಲದೇ ಬಂದಾಗ, ಮಗಳ ಪಿಯುಸಿ ಫೀಸಿಗೆ, ಅಮ್ಮನ ಆಪರೇಷನ್‌ಗೆ.

2016ರಲ್ಲಿ ನಡೆದಿದ್ದು ಇದೇ ಕಾರಣಕ್ಕೆ. ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸ್ತು. ಅಲ್ಲಿವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ರೆ ಪಿಎಫ್ ಪೂರ್ತಿ ತೆಗೀಬಹುದಿತ್ತು. ಹೊಸ ನಿಯಮದ ಪ್ರಕಾರ ನಿಮ್ಮ ಪಾಲು ಮಾತ್ರ ಈಗ, ಮಾಲೀಕರ ಪಾಲು 58 ಆದ್ಮೇಲೆ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅದರಲ್ಲೂ ಹೆಚ್ಚಿನವರು ಹೆಣ್ಣುಮಕ್ಕಳು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದ್ರು. ದೊಡ್ಡ ಯೂನಿಯನ್ ಯಾವುದೂ ಕರೆ ಕೊಟ್ಟಿರ್ಲಿಲ್ಲ. ಲಾಠಿ ಬೀಸಿದ್ರು, ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆ ಹತ್ರ ವಾಹನಗಳು ಸುಟ್ಟುಹೋದವು. 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ವಾಪಸ್ ಅಂತ ಘೋಷಿಸಿದ್ರು.

ಆಗ ಹಲವರು ಹೇಳಿದ ಮಾತು, ಈಗಲೂ ಕ್ಯಾಂಟೀನಲ್ಲಿ ಕೇಳಿಬರೋ ಮಾತು: "ಪಾಪ, ಅವರಿಗೆ ತಿಳುವಳಿಕೆ ಇಲ್ಲ, ಸರ್ಕಾರ ಅವರ ಒಳ್ಳೇದಕ್ಕೇ ಮಾಡಿದ್ದು." ಇದನ್ನ ನಾನು ಒಪ್ಪಲ್ಲ. ಹೊಲಿಗೆ ಲೈನಿನಲ್ಲಿ ಟಾರ್ಗೆಟ್ ಹಿಂದೆ ಓಡೋರು 58ರ ತನಕ ಅದೇ ಮಿಷಿನ್ ಮುಂದೆ ಕೂತಿರೋದು ಅಪರೂಪ. ಸೊಂಟ, ಕಣ್ಣು, ಮನೆ, ಯಾವುದೋ ಒಂದು ಅದಕ್ಕೆ ಮೊದಲೇ ಕೈ ಕೊಡತ್ತೆ. ಕೆಲಸ ಹೋದಾಗ ಕೈ ಹಿಡಿಯೋ ಬೇರೆ ವ್ಯವಸ್ಥೆ ಗಟ್ಟಿಯಾಗಿಲ್ಲದಿರೋವಾಗ ಪಿಎಫ್ಫೇ ಅವರ ನಿರುದ್ಯೋಗ ವಿಮೆ. ಅದಕ್ಕೆ ಬೀಗ ಹಾಕಿ "ಮುಂದೆ ಒಳ್ಳೇದಾಗತ್ತೆ" ಅಂದ್ರೆ ಸಿಟ್ಟು ಬರದೇ ಇರತ್ತಾ?

ಹಾಗಂತ ತೆಗೆದದ್ದಕ್ಕೆ ಬೆಲೆ ಇಲ್ಲ ಅಂತಲ್ಲ. ಒಂದು ಲೆಕ್ಕ ಹಾಕೋಣ, ಇಂಜಿನಿಯರಿಂಗ್ ಓದ್ತಿದೀವಲ್ಲ. ಮೂಲವೇತನ 15,000 ಇಟ್ಕೊಳ್ಳಿ. ನಿಮ್ಮ 12% ಅಂದ್ರೆ 1,800. ಮಾಲೀಕರೂ 1,800 ಕೊಡ್ತಾರೆ, ಆದ್ರೆ ಅದ್ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗತ್ತೆ, 550 ಮಾತ್ರ ಪಿಎಫ್‌ಗೆ. ತಿಂಗಳಿಗೆ 2,350. ಐದು ವರ್ಷ, 2024-25ರಲ್ಲಿದ್ದ 8.25% ಬಡ್ಡಿಯಲ್ಲಿ ಸುಮಾರು 1.7 ಲಕ್ಷ. ಆಮೇಲೆ ಒಂದು ರೂಪಾಯಿ ಹಾಕದೆ ಹಾಗೇ ಬಿಟ್ರೂ, ಅದೇ ಬಡ್ಡಿ ಸಿಕ್ಕಿದ್ರೆ ಮೂವತ್ತು ವರ್ಷಕ್ಕೆ 18 ಲಕ್ಷ ದಾಟತ್ತೆ. ವರ್ಷಕ್ಕೆ 6% ಬೆಲೆ ಏರಿದ್ರೆ ಅದು ಇವತ್ತಿನ ಮೂರು ಲಕ್ಷಕ್ಕೆ ಸಮ, ಅದನ್ನೂ ಯೂಟ್ಯೂಬಿನವರು ಹೇಳ್ಬೇಕು.

ಇನ್ನೂ ದೊಡ್ಡ ಏಟು ಬೀಳೋದು ಪಿಂಚಣಿಗೆ. ಅದರ ಸೂತ್ರ ಸರಳ: ಪಿಂಚಣಿ ವೇತನವನ್ನ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ವೇತನದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000. ಹತ್ತು ವರ್ಷಕ್ಕೆ 2,142 ರೂಪಾಯಿ ಆಯ್ತು. ಹತ್ತು ವರ್ಷ ತುಂಬದಿದ್ರೆ ತಿಂಗಳ ಪಿಂಚಣಿಯೇ ಇಲ್ಲ. ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ, ಇನ್ನೊಂದರಲ್ಲಿ ಐದು, ಪ್ರತಿ ಸಲವೂ ಪಿಂಚಣಿ ದುಡ್ಡು ಸೇರಿಸಿ ತೆಗೆದವರಿಗೆ ಪ್ರತಿ ಸಲವೂ ಎಣಿಕೆ ಸೊನ್ನೆಯಿಂದ ಶುರು. ಪಿಎಫ್ ತೆಗೆಯಲೇಬೇಕಾಗಿ ಬಂದ್ರೂ ಪಿಂಚಣಿ ಭಾಗಕ್ಕೆ ಫಾರ್ಮ್ 10ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದ್ರೆ ಸೇವೆ ಉಳಿಯತ್ತೆ. ನಾನು ಮಾತಾಡಿಸಿದ ನಮ್ಮ ಬೀದಿಯ ಅಕ್ಕಂದಿರಲ್ಲಿ ಒಬ್ಬರಿಗೂ ಈ ಸರ್ಟಿಫಿಕೇಟ್ ಗೊತ್ತಿರ್ಲಿಲ್ಲ. ಸೈಬರ್ ಸೆಂಟರ್‌ನವರು "ಎರಡೂ ಕ್ಲೇಮ್ ಹಾಕ್ಲಾ ಅಕ್ಕ?" ಅಂತಾರೆ, ಇವರು "ಹಾಕಪ್ಪ" ಅಂತಾರೆ.

ಅದಕ್ಕೇ 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಓ ಟ್ರಸ್ಟಿಗಳ ಮಂಡಳಿ ತಗೊಂಡ ತೀರ್ಮಾನವನ್ನ ನಾನು ಅರ್ಧ ಒಪ್ತೀನಿ. ಕೆಲಸ ಹೋದ್ರೆ ಮುಕ್ಕಾಲು ಪಾಲು ತಕ್ಷಣ ತೆಗೀಬಹುದು, 25% ಉಳಿಸ್ಬೇಕು, ಅದು ಹನ್ನೆರಡು ತಿಂಗಳ ನಂತರ. ಪಿಂಚಣಿ ದುಡ್ಡು ತೆಗೆಯೋಕೆ 36 ತಿಂಗಳು ಕಾಯ್ಬೇಕು. 2016ರ ಬೀಗಕ್ಕಿಂತ ಇದು ವಾಸಿ, ಕಷ್ಟಕ್ಕೂ ಮುಪ್ಪಿಗೂ ಬೇರೆ ಬೇರೆ ಪೆಟ್ಟಿಗೆ ಬೇಕು ಅನ್ನೋದನ್ನ ಒಪ್ಪಿಕೊಂಡಂಗಿದೆ. ಆದ್ರೆ ಪೆಟ್ಟಿಗೆ ಕಾಯ್ಕೊಂಡವರಿಗೆ ಕೊನೆಗೆ ಸಿಗೋದೇನು? ಕನಿಷ್ಠ ಪಿಂಚಣಿ ಅಂತ 2014ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ. ಲಗ್ಗೆರೆಯಲ್ಲಿ ಒಂದು ರೂಮಿನ ಬಾಡಿಗೆಗೂ ಸಾಲಲ್ಲ. ಉಳಿಸಿ ಅಂತ ಹೇಳೋರು ಮೊದಲು ಆ ಸಾವಿರವನ್ನ ಸರಿ ಮಾಡ್ಬೇಕು.

ಕಂಪನಿ ಇದ್ದೇ ಇರತ್ತೆ ಅಂತ ನಂಬೋದೂ ಕಷ್ಟ. 1961ರಲ್ಲಿ ಪಕ್ಕದ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ರೆ ಲೈಫ್ ಸೆಟಲ್ ಅಂತಿದ್ರು. 2016ರ ಆರಂಭದಲ್ಲಿ ಮುಚ್ಚೋ ತೀರ್ಮಾನ ಹೊರಬಿದ್ದಾಗ ಉಳಿದವರಿಗೆ ವಿಆರ್‌ಎಸ್.

ಇನ್ನು ವಯಸ್ಸಿನ ಮಾತು. ಇಪ್ಪತ್ತೆರಡರ ನಮಗೆ ನಿಜವಾಗಿ ಕಾಯೋ ಶಕ್ತಿ ಇದೆ, ಕೆಲಸ ಬದಲಿಸಿದಾಗ ಪಿಎಫ್ ಟ್ರಾನ್ಸ್‌ಫರ್ ಮಾಡದೆ ತೆಗೆದು ಬೈಕ್ ತಗೊಳ್ಳೋರಿಗೆ ಲಗ್ಗೆರೆಯ ಅಕ್ಕನ ನೆಪ ಸಿಗಲ್ಲ. ಮೂಲವೇತನ 15,000 ಮೀರಿದ್ರೆ, ಮೊದಲ ಕೆಲಸದಲ್ಲಿ ಫಾರ್ಮ್ 11 ಮುಂದಿಟ್ಟು "ಪಿಎಫ್ ಬೇಡ ಅಂದ್ರೆ ಕೈಗೆ ಜಾಸ್ತಿ ಬರತ್ತೆ" ಅನ್ನೋದುಂಟು. ಯೋಚಿಸಿ ಸೈನ್ ಮಾಡಿ. ಮೂವತ್ತರ ಗುತ್ತಿಗೆ ಹುಡುಗನಿಗೆ ಪಿಎಫ್ ಇಲ್ಲದಿದ್ರೆ ಅಟಲ್ ಪಿಂಚಣಿ ಇದೆ: 60ರ ನಂತರದ 5,000ಕ್ಕೆ 18ರಲ್ಲಿ ಸೇರಿದ್ರೆ ತಿಂಗಳಿಗೆ 210, 30ರಲ್ಲಿ 577, 40ರಲ್ಲಿ 1,454. ಐವತ್ತು ದಾಟಿದವರಿಗೆ ಹೂಡಿಕೆ ಪಾಠಕ್ಕಿಂತ ಆಸ್ಪತ್ರೆ ಮುಖ್ಯ. ಐದು ವರ್ಷ ಇಎಸ್‌ಐಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಮುಂದುವರಿಸಬಹುದು. ತಿಂಗಳಿಗೆ ಹತ್ತು ರೂಪಾಯಿ! ಇದನ್ನ ಫ್ಯಾಕ್ಟರಿ ಗೇಟಿನಲ್ಲಿ ಬೋರ್ಡ್ ಹಾಕಿ ಬರೀಬೇಕಿತ್ತು.

ನಾಳೆ ನಮ್ಮಲ್ಲಿ ಕೆಲವರು ಇದೇ ಪೀಣ್ಯದಲ್ಲಿ ಶಿಫ್ಟ್ ಇಂಜಿನಿಯರ್ ಆಗ್ತೀವಿ. ಕಂಟ್ರಾಕ್ಟರ್ ಬಿಲ್ಲಿಗೆ ಸೈನ್ ಹಾಕೋ ಜಾಗ ಅದು. ಕಂಟ್ರಾಕ್ಟರ್ ಪಿಎಫ್ ಕಟ್ಟದಿದ್ರೆ ಕಾನೂನು ಕೇಳೋದು ಫ್ಯಾಕ್ಟರಿಯನ್ನೇ. ಹಾಗಿದ್ರೂ ಕಂಟ್ರಾಕ್ಟರ್ ಬದಲಾದಾಗ ಅದೇ ಹುಡುಗನಿಗೆ ಹೊಸ ಯುಎಎನ್ ಮಾಡಿಸಿ, ಹಳೇದರ ದುಡ್ಡು ಹಳೇದರಲ್ಲೇ ಸಿಕ್ಕಿಹಾಕಿಕೊಳ್ಳೋ ಹಾಗೆ ಮಾಡ್ತಾರೆ. ಬಿಲ್ಲಿನ ಜೊತೆ ಪಿಎಫ್ ಚಲನ್ ಮತ್ತು ಹೆಸರುಗಳ ಪಟ್ಟಿ ಕೇಳೋಕೆ ಐದು ನಿಮಿಷ ಸಾಕು. ನಮ್ಮ ಪ್ಲೇಸ್‌ಮೆಂಟ್ ಸೆಲ್‌ನವರು ಆಪ್ಟಿಟ್ಯೂಡ್‌ಗೆ ದಿನಗಟ್ಟಲೆ ಟ್ರೈನಿಂಗ್ ಕೊಡ್ತಾರಲ್ಲ, ಅದ್ರಲ್ಲಿ ಒಂದು ಗಂಟೆ ಸಂಬಳದ ಸ್ಲಿಪ್ ಓದೋದಕ್ಕೆ ಕೊಡ್ಲಿ. ಬೋರ್ಡಿನ ಮೇಲೆ ನಮ್ಮ ಸ್ಲಿಪ್ ಒಂದು, ಅದರ ಪಕ್ಕಕ್ಕೆ ನಮ್ಮದೇ ಕ್ಯಾಂಪಸ್ಸಿನ ಹೌಸ್‌ಕೀಪಿಂಗ್‌ನವರ ಸ್ಲಿಪ್ ಒಂದು.